ಗೀಜಗ ಅಲ್ಲದ ಹಕ್ಕಿ

ಗಂಡನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ನಮ್ಮ ಮನೆಗೂ ನವಣೆ ಬಂತು. ಕುಚ್ಚಲಕ್ಕಿಯದ್ದಲ್ಲದೆ ಬೇರೆ ಯಾವುದೂ ಅನ್ನವೇ ಅಲ್ಲ ಎಂದು ಬೆಳೆದವರು ನಾವು. "ಈ ಪ್ರಾಯಕ್ಕೆ ಹಕ್ಕಿ ತಿನ್ನುವುದನ್ನು ತಿನ್ನಬೇಕಾಯ್ತಲ್ಲ" ಎಂದು ಅವರು ಗೊಣಗಿಕೊಂಡೇ ಪ್ಯಾಕೆಟ್ಟು ತಂದಿಟ್ಟರು. ನಾನು ಅದನ್ನು ಕತ್ತರಿಸಿ ಹಾಲಿನ ಪುಡಿಯ ಖಾಲಿ ಡಬ್ಬಕ್ಕೆ ಸುರಿದೆ. ಒಣಹುಲ್ಲಿನ ಧೂಳು, ತಗಡು, ಹಳೇ ಹಾಲಿನ ಪುಡಿ, ಎಲ್ಲ ಸೇರಿದ ಒಂದು ವಾಸನೆ ಮೂಗಿಗೆ ಬಡಿಯಿತು. ಕೈ ಅಲ್ಲೇ ನಿಂತಿತು. ಟೀಚರ್ ನೆನಪಾದರು. ನೆನಪಾದರು ಎಂದಷ್ಟೇ ಹೇಳಿದರೆ ಸುಳ್ಳಾಗುತ್ತದೆ, ಒಲೆಯ ಎದುರು ನಿಂತವಳ ಹಾಗೆ ನನ್ನ ಮುಖ ಬಿಸಿಯಾಯಿತು.

ಗಲ್ಫಿನ ಬನಿಯಾಸ್‌ನ ಈ ಕಟ್ಟಡದಲ್ಲಿ ನಮ್ಮದಕ್ಕೆ ಎದುರಿನ ಬಾಗಿಲು ಟೀಚರದ್ದಾಗಿತ್ತು. ಕಿನ್ನಿಗೋಳಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಮದುವೆಯಾದವರಲ್ಲ, ಒಂದು ಇಂಡಿಯನ್ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ನಾನು ಪುತ್ತೂರಿನವಳು, ಮನೆಮಾತು ತುಳು. ಕ್ಲಿನಿಕ್ಕೊಂದರ ರಿಸೆಪ್ಷನ್‌ನಲ್ಲಿ ದಿನವಿಡೀ ಹಿಂದಿ ಇಂಗ್ಲಿಷ್ ಮಾತಾಡಿ ದಣಿದು ಬಂದವಳಿಗೆ ಎದುರು ಬಾಗಿಲು ತೆರೆದರೆ ಸಾಕು, ನಾಲಿಗೆ ಸಡಿಲವಾಗುತ್ತಿತ್ತು. ಊರಲ್ಲಾಗಿದ್ದರೆ, ಕ್ರಿಶ್ಚಿಯನ್ ಹೆಂಗಸರನ್ನು ನಾವು ಕರೆಯುವ ಹಾಗೆ, ಅವರನ್ನು ಬಾಯಮ್ಮ ಎನ್ನುತ್ತಿದ್ದೆ. ಇಲ್ಲಿ ವಾಚ್‌ಮನ್‌ನಿಂದ ಹಿಡಿದು ಎಲ್ಲರಿಗೂ ಅವರು ಟೀಚರ್, ಹಾಗಾಗಿ ನನಗೂ ಟೀಚರ್. ಅವರು ನನ್ನನ್ನು ಬಾಯೆ ಎಂದು ಕರೆಯುತ್ತಿದ್ದರು, ಕೊಂಕಣಿಯಲ್ಲಿ ಮನೆಯ ಹುಡುಗಿಯರನ್ನು ಕರೆಯುವ ಹಾಗೆ.

ಅವರದ್ದೊಂದು ಪಾಠವಿತ್ತು. ಮೊದಲು ನೋಡಬೇಕು, ಮತ್ತೆ ಹೆಸರು ಹೇಳಬೇಕು. ಶಾಲೆಯ ಮಕ್ಕಳಿಗೆ ಮಾತ್ರವಲ್ಲ, ಎಲ್ಲರಿಗೂ ಇದೇ ಪಾಠ. ಅಂಜಲ್ ಎಂದು ಕಟ್ಟಿಕೊಟ್ಟ ಮೀನನ್ನು ಅಂಗಡಿಯಲ್ಲೇ ಬಿಚ್ಚಿ, ತಿರುಗಿಸಿ ಮುರುಗಿಸಿ ನೋಡಿ, ಇದು ಅಂಜಲ್ ಅಲ್ಲ ಎಂದು ವಾಪಸು ಕೊಟ್ಟು ಬಂದವರು ಅವರು. ಅವರ ಎದುರು ಇದು ಕರಿಬೇವಿನ ಗಿಡ ಎಂದು ಹೇಳಲಿಕ್ಕೂ ನನಗೆ ಹೆದರಿಕೆ, ಹೇಗೆ ಗೊತ್ತಾಯ್ತು ಎಂದು ಕೇಳಿದರೆ ಎಂಥ ಹೇಳುವುದು. ನನ್ನ ಗಂಡ ಹಿಂದಿನಿಂದ ತಮಾಷೆ ಮಾಡುತ್ತಿದ್ದರು, ಟೀಚರಿಗೆ ಮದುವೆಯಾಗದ್ದು ಇದೇ ಕಾರಣಕ್ಕೆ, ಹೆಣ್ಣು ನೋಡಲಿಕ್ಕೆ ಬಂದವರನ್ನೆಲ್ಲ ತಿರುಗಿಸಿ ನೋಡಿರಬೇಕು ಎಂದು.

ಒಂದು ಮೇ ತಿಂಗಳ ಸಂಜೆ ಟೀಚರ್ ಬಾಗಿಲು ತಟ್ಟಿದರು. ಸದ್ದು ಮಾಡಬೇಡ ಎಂದು ಬೆರಳು ತುಟಿಗಿಟ್ಟು ನನ್ನನ್ನು ಅವರ ಅಡುಗೆಮನೆಗೆ ಕರೆದುಕೊಂಡು ಹೋದರು. ಎಕ್ಸಾಸ್ಟ್ ಫ್ಯಾನಿನ ತೂತಿನಿಂದ ಒಂದು ಪುಟ್ಟ ಹಕ್ಕಿ ಒಳಗೆ ಬಂದು ಪಾತ್ರೆ ಸ್ಟ್ಯಾಂಡಿನ ಮೇಲೆ ಕೂತಿತ್ತು. ಗುಬ್ಬಚ್ಚಿಯಷ್ಟೇ. ಬೆನ್ನೆಲ್ಲ ಮಣ್ಣು ಬಣ್ಣದ ಗೀಟು, ದಪ್ಪ ಮೋಟು ಕೊಕ್ಕು, ಎದೆಯ ಮೇಲೆ ಅರಸಿನದ ಕೈ ಒರೆಸಿದ ಹಾಗೆ ತೆಳ್ಳಗೆ ಒಂದು ಹಳದಿ ಪಟ್ಟಿ.

"ಗೀಜಗ," ಎಂದರು ಟೀಚರ್. "ಗಂಡು. ಹಳದಿ ಬರ್ಲಿಕ್ಕೆ ಈಗಷ್ಟೇ ಸುರುವಾದದ್ದು ನೋಡು."

ಅವರ ಮುಖ ಹಾಗೆ ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವರಪ್ಪನ ಗದ್ದೆಯ ಬದುವಿನಲ್ಲಿ ಈಚಲು ಮರವಿತ್ತಂತೆ. ಅದರ ತುಂಬ ಗೀಜಗನ ಗೂಡುಗಳು ಸೋರೆಕಾಯಿಯ ಹಾಗೆ ನೇತಾಡುತ್ತಿದ್ದವಂತೆ. ಬಿದ್ದ ಗೂಡೊಂದನ್ನು ತಂದು ಅದರೊಳಗೆ ಕೈ ಹಾಕಿ ಮಲಗುತ್ತಿದ್ದರಂತೆ. ಇಲ್ಲಿಯೂ ಗೀಜಗನ ಜಾತಿಯ ಹಕ್ಕಿಗಳು ಖರ್ಜೂರದ ಮರದಲ್ಲಿ ಗೂಡು ಕಟ್ಟಿದ್ದನ್ನು ಅವರು ನೋಡಿದ್ದರು. ಹಾಗಾಗಿ ಈ ಹಕ್ಕಿ ಇಲ್ಲಿಗೆ ಬಂದದ್ದರಲ್ಲಿ ಅವರಿಗೆ ಏನೂ ಆಶ್ಚರ್ಯ ಕಾಣಲಿಲ್ಲ. ಹೇಗೆ ಗೊತ್ತಾಯ್ತು ಟೀಚರೇ ಎಂದು ನಾನು ಕೇಳಬೇಕಿತ್ತು. ಅವರೇ ಕಲಿಸಿದ ಪ್ರಶ್ನೆ... ಆದರೆ ಆ ಮುಖಕ್ಕೆ ಯಾರು ಹಾಗೆ ಕೇಳುತ್ತಾರೆ?

ಒಂದು ವಾರದ ಹತ್ತಿರ ಹಕ್ಕಿ ಅಡುಗೆಮನೆಯಲ್ಲೇ ಇತ್ತು. ಟೀಚರ್ ಸೂಪರ್‌ಮಾರ್ಕೆಟ್ಟಿನಿಂದ ನವಣೆ ತಂದರು. ಕೆಳಗಿನ ಖರ್ಜೂರದ ಗರಿಯನ್ನು ಸೀಳಿ ನಾರು ಮಾಡಿ ಕಿಟಕಿಯ ಸರಳಿಗೆ ಕಟ್ಟಿದರು, ಗೂಡು ಹೆಣೆಯಲಿ ಎಂದು. ಹಕ್ಕಿ ಅದನ್ನು ತಿರುಗಿಯೂ ನೋಡಲಿಲ್ಲ. ನೆಲದಲ್ಲಿ ಕುಪ್ಪಳಿಸಿಕೊಂಡು ನವಣೆ ಹೆಕ್ಕುತ್ತಿತ್ತು. ಕತ್ತಲಾಗುವ ಮೊದಲು ಅಡ್ಡ ಬಿದ್ದಿದ್ದ ಹಾಲಿನ ಪುಡಿಯ ಡಬ್ಬದೊಳಗೆ ಹೊಕ್ಕು ಕೂರುತ್ತಿತ್ತು. ಅದಕ್ಕೆ ನಾಚಿಕೆ ಜಾಸ್ತಿ ಎಂದರು ಟೀಚರ್. "ಗೀಜಗಾ, ಬಾ ಬಾ" ಎಂದು ಅವರು ಕರೆಯುವುದು ನಮ್ಮ ಮನೆಗೆ ಕೇಳುತ್ತಿತ್ತು. ಕಾಗದದಲ್ಲಿ ಅದರ ಚಿತ್ರವನ್ನೂ ಬರೆದರು, ಕೊಕ್ಕು ಕಾಲು ರೆಕ್ಕೆ ಎಲ್ಲ ತಪ್ಪಿಲ್ಲದ ಹಾಗೆ. ಕೆಳಗೆ ಗೀಜಗ ಎಂದು ಬರೆದು ಶಾಲೆಗೆ ಕೊಂಡುಹೋಗಿ ಮಕ್ಕಳಿಗೆ ತೋರಿಸಿದರು.

ಅದರ ಕಾಲಲ್ಲೊಂದು ನೀಲಿ ಪ್ಲಾಸ್ಟಿಕ್ ಬಳೆ ಇತ್ತು. "ಯಾರೋ ಸಾಕಿದ್ದಿರಬೇಕಲ್ವಾ ಟೀಚರೇ" ಎಂದೆ.

"ಗೀಜಗನನ್ನು ಪಂಜರದಲ್ಲಿ ಹಾಕಿ ಸಾಕುವವರು ಸಾಕುವವರಲ್ಲ ಬಾಯೆ, ಕಳ್ಳರು," ಎಂದರು. ನೈಲ್ ಕಟ್ಟರಿನಿಂದ ಬಳೆಯನ್ನು ಕತ್ತರಿಸಿ ತೆಗೆದರು. ಹಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡದ್ದು ನಾನು. ಅದರ ಎದೆ ನನ್ನ ಹೆಬ್ಬೆರಳಿಗೆ ಹೊಡೆದುಕೊಳ್ಳುತ್ತಿತ್ತು.

ಮುಂದಿನ ಶುಕ್ರವಾರ ಬಿಸಿಲೇರುವ ಮೊದಲು ಹತ್ತಿರದ ಪಾರ್ಕಿಗೆ ಹೋಗಿ ಬಿಟ್ಟೆವು. ಮರಕ್ಕೆ ಹಾರುತ್ತದೆ ಎಂದುಕೊಂಡರೆ ಅದು ಹುಲ್ಲಿಗಿಳಿದು ಬೀಜ ಹೆಕ್ಕತೊಡಗಿತು. ಟೀಚರ ಹುಬ್ಬು ಸ್ವಲ್ಪ ಗಂಟಾಯಿತು. ಏನೋ ಹೇಳಹೊರಟರು... ಅಷ್ಟರಲ್ಲಿ ಅದು ಎದ್ದು ವಿಲ್ಲಾಗಳ ಕಡೆಗೆ ಹಾರಿಹೋಯಿತು. ಅವರು ಶಿಲುಬೆಯ ಗುರುತು ಮಾಡಿಕೊಂಡು ಚರ್ಚಿನ ಬಸ್ಸು ಹಿಡಿಯಲಿಕ್ಕೆ ಓಡಿದರು, ಇಲ್ಲಿ ಆಗ ವಾರದ ರಜೆಯೂ ಪೂಜೆಯೂ ಶುಕ್ರವಾರವೇ. ಆವತ್ತು ಮಧ್ಯಾಹ್ನ ನಮಗೆಲ್ಲ ಪಾಯಸ ಕೊಟ್ಟರು.

ಎರಡು ದಿನ ಕಳೆದು ಲಿಫ್ಟಿನಲ್ಲಿ ಒಂದು ಕಾಗದ ಅಂಟಿಸಿತ್ತು. ಕಳೆದುಹೋಗಿದೆ ಎಂದು ಇಂಗ್ಲಿಷಿನಲ್ಲಿ, ಅರಬ್ಬಿಯಲ್ಲಿ. ಕೆಳಗೆ ಹಕ್ಕಿಯ ಫೋಟೋ, ಹೆಸರು ಸ್ಯಾಫ್ರನ್ ಫಿಂಚ್. ಮರಿ ಹಕ್ಕಿ, ಇನ್ನೂ ಹಳದಿಯಾಗಿಲ್ಲ, ಕಾಲಲ್ಲಿ ನೀಲಿ ಬಳೆ. ನಮ್ಮ ಮೇಲಿನ ಮಾಳಿಗೆಯ ಫ್ಲ್ಯಾಟ್ ನಂಬರು.

ಅಲ್ಲಿದ್ದವನನ್ನು ನಾವು ಕುಸ್ತಿ ಮಾಸ್ಟ್ರು ಎನ್ನುತ್ತಿದ್ದೆವು. ಬ್ರೆಜಿಲ್‌ನವನು, ಶಾಲೆಯ ಮಕ್ಕಳಿಗೆ ಜಿಯು-ಜಿತ್ಸು ಎಂಬ ಕುಸ್ತಿ ಕಲಿಸಲಿಕ್ಕೆ ಬಂದವನು. ಬೆಳಿಗ್ಗೆ ಬೆಳಿಗ್ಗೆ ಅವನ ಮನೆಯಿಂದ ಫೋನಿನಲ್ಲಿ ಹಕ್ಕಿ ಕೂಗುವ ಸದ್ದು ಬಾತ್‌ರೂಮಿನ ಕಿಂಡಿಯಲ್ಲಿ ಇಳಿದು ಬರುತ್ತಿತ್ತು. ಇವನ ಅಲಾರಾಂ ಒಮ್ಮೆ ಹೊಡೆದರೆ ನಿಲ್ಲುವ ಜಾತಿಯದ್ದಲ್ಲ ಎಂದು ನನ್ನ ಗಂಡ ಬೈಯುತ್ತಿದ್ದರು. ಹಾಡು ಕಲಿಯಲಿ ಎಂದು ಮರಿ ಹಕ್ಕಿಗೆ ಅವನು ಕೇಳಿಸುತ್ತಿದ್ದ ಪಾಠ ಅದು ಎಂದು ನಮಗೆ ಗೊತ್ತೇ ಇರಲಿಲ್ಲ. ಆ ವಾರವಿಡೀ ಅದು ಬಾಲ್ಕನಿಯಿಂದ ಜೋರಾಗಿ ಕೇಳಿದ್ದು, ಹಕ್ಕಿಯನ್ನು ವಾಪಸು ಕರೆಯಲಿಕ್ಕೆ. ನಾವು ಅದರ ಸರಿ ಕೆಳಗೆ ನವಣೆ ಹಾಕಿಕೊಂಡು ಕೂತಿದ್ದೆವು.

ಆ ಕಾಗದವನ್ನು ನನ್ನ ಜೊತೆ ಓದಿದ ಟೀಚರ್ ಲಿಫ್ಟಿನಿಂದ ಇಳಿಯಲಿಲ್ಲ. ಬಾಗಿಲು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ನಾನು ಕೈ ಹಿಡಿದು ಹೊರಗೆ ತಂದೆ. ಮನೆಗೆ ಬಂದವರು ತಾನು ಬರೆದ ಚಿತ್ರವನ್ನು ತೆಗೆದು ಮೇಜಿನ ಮೇಲಿಟ್ಟರು, ನನ್ನ ಫೋನಿನಲ್ಲಿ ಎರಡೂ ಹಕ್ಕಿಗಳ ಫೋಟೋ ಹುಡುಕಿಸಿದರು. ಕ್ಲಾಸಿನಲ್ಲಿ ಪಾಠ ಮಾಡುವ ಸ್ವರದಲ್ಲೇ ಹೇಳಿದರು. ಗೀಜಗನ ಕೊಕ್ಕು ಇದಕ್ಕಿಂತ ದಪ್ಪ, ಬಾಲ ಇದಕ್ಕಿಂತ ಗಿಡ್ಡ. ಇದರ ರೆಕ್ಕೆಯ ಅಂಚಿನಲ್ಲಿ ಹಳದಿ ಗೆರೆ ಉಂಟು. ಇದು ದಕ್ಷಿಣ ಅಮೆರಿಕದ ಹುಲ್ಲುಗಾವಲಿನ ಹಕ್ಕಿ, ನೆಲದಲ್ಲಿ ಬೀಜ ಹೆಕ್ಕಿ ತಿನ್ನುವಂಥದ್ದು. ಗೂಡು ಹೆಣೆದು ನೇತುಹಾಕುವುದಿಲ್ಲ, ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ. ಅದಕ್ಕೇ ಡಬ್ಬದೊಳಗೆ ಹೋಗಿ ಕೂತದ್ದು. ಅವರ ಚಿತ್ರದಲ್ಲಿ ಕೊಕ್ಕೂ ಬಾಲವೂ ಆ ಹಳದಿ ಗೆರೆಯೂ ಸರಿಯಾಗಿಯೇ ಇದ್ದವು. ಕೆಳಗೆ ಬರೆದ ಹೆಸರು ಮಾತ್ರ ತಪ್ಪು.

"ಎಲ್ಲ ಕಣ್ಣೆದುರೇ ಇತ್ತು ಬಾಯೆ," ಎಂದರು. "ನಾನು ನೋಡಿದ್ದಲ್ಲ. ನೆನಪು ಮಾಡಿದ್ದು."

ಸುಮ್ಮನಿರಿ ಟೀಚರೇ, ನಮಗಿಬ್ಬರಿಗಲ್ಲದೆ ಯಾರಿಗೆ ಗೊತ್ತುಂಟು ಎಂದೆ. ಹಕ್ಕಿ ಹೋದದ್ದು ಹೋಯ್ತು, ಖಲಾಸ್. ಅವರು ಅಡುಗೆಮನೆಗೆ ಹೋದರು. ಚಹಾಕ್ಕೆ ನೀರಿಟ್ಟರು, ಒಲೆ ಹಚ್ಚಲೇ ಇಲ್ಲ. ಎಷ್ಟೋ ಹೊತ್ತು ಆ ತಣ್ಣನೆಯ ನೀರಿನ ಎದುರು ನಿಂತಿದ್ದರು. ಮತ್ತೆ ನೀಲಿ ಬಳೆಯನ್ನು ಹುಡುಕಿ ಅಂಗೈಯಲ್ಲಿಟ್ಟುಕೊಂಡು, ನಡಿ ಎಂದರು.

ಬಾಗಿಲು ತೆರೆದವನ ಭುಜ ಬಾಗಿಲಿನಷ್ಟೇ ಅಗಲವಿತ್ತು. ಅವನ ಹಿಂದೆ ಬಾಲ್ಕನಿಯಲ್ಲಿ ಬಾಗಿಲು ತೆರೆದಿಟ್ಟ ಪಂಜರ ಕಾಣುತ್ತಿತ್ತು. ಟೀಚರ್ ಅಂಗೈ ಚಾಚಿದರು. ಮೂವತ್ತು ವರ್ಷ ಇಂಗ್ಲಿಷಿನಲ್ಲಿ ಪಾಠ ಮಾಡಿದ ಹೆಂಗಸಿಗೆ "ಐಯಾಮ್ ಸಾರಿ" ಎನ್ನಲಿಕ್ಕೆ ಬಾಯಿ ಬರಲಿಲ್ಲ. ತುಂಡಾದ ಬಳೆಯನ್ನು ಅವನು ನೋಡಿದ, ನಮ್ಮಿಬ್ಬರನ್ನು ನೋಡಿದ. ಆಗ ಟೀಚರ್ ಬಲಗೈ ಮುಷ್ಟಿ ಕಟ್ಟಿ ಎದೆಗೆ ಬಡಿದುಕೊಂಡರು. ಒಂದು ಸಲ, ಇನ್ನೊಂದು ಸಲ. ಮೇಯಾ ಕುಲ್ಪಾ, ಮೇಯಾ ಕುಲ್ಪಾ ಎಂದು ಪಿಸುಗುಟ್ಟಿದರು. ಅದು ಹಿಂದೆ ಲ್ಯಾಟಿನ್ ಪೂಜೆಯಲ್ಲಿ ತಪ್ಪೊಪ್ಪಿಕೊಳ್ಳುವಾಗ ಹೇಳುತ್ತಿದ್ದ ಮಾತು, ಅವರಿಗೆ ಅಜ್ಜಿಯಿಂದ ಬಂದದ್ದು ಎಂದು ನನಗೆ ಮತ್ತೆ ತಿಳಿಯಿತು. ನನ್ನ ಕಣ್ಣಿಗೆ ಆಗ ಕಂಡದ್ದು ಅಷ್ಟು ಗಟ್ಟಿ ಹೆಂಗಸು ಎದೆ ಬಡಿದುಕೊಳ್ಳುವುದು ಮಾತ್ರ. ಎಲ್ಲಿ ನೋಡುವುದೆಂದು ತಿಳಿಯದೆ ನಾನು ಅವನ ಚಪ್ಪಲಿಯನ್ನು ನೋಡಿದೆ.

ಮೂರನೆಯ ಸಲ ಬಡಿದುಕೊಳ್ಳುವ ಮೊದಲೇ ಅವನು ಆ ಕೈ ಹಿಡಿದುಕೊಂಡ. "ನೋ ಕುಲ್ಪಾ, ಟೀಚರ್," ಎಂದ. ಅವರ ಭಾಷೆಯಲ್ಲೂ ತಪ್ಪಿಗೆ ಅದೇ ಶಬ್ದವಂತೆ.

ಒಳಗೆ ಕೂರಿಸಿ ಕಾಫಿ ಕೊಟ್ಟ. ಅವನ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೂ ಅರ್ಥವಾಯಿತು. ಊರಿನಲ್ಲಿ ಆ ಹಕ್ಕಿ ಅವನ ಹಿತ್ತಲಿಗೇ ಬರುತ್ತದೆ, ನೆಲದ ಕ್ಯಾನರಿ ಎಂದು ಅವರು ಕರೆಯುತ್ತಾರೆ. ಹೆಂಡತಿಯೂ ಪುಟ್ಟ ಮಗಳೂ ಅಲ್ಲೇ ಇದ್ದರು. ದುಬೈಯ ಹಕ್ಕಿ ಮಾರ್ಕೆಟ್ಟಿನಲ್ಲಿ ಈ ಮರಿ ಕಂಡು ತಂದದ್ದು. ದಿನಾ ಮಗಳಿಗೆ ಫೋನಿನಲ್ಲಿ ತೋರಿಸುತ್ತಿದ್ದ. ಹಳದಿಯಾಯ್ತಾ ಅಪ್ಪ, ಹಳದಿಯಾಯ್ತಾ ಎಂದು ಅವಳು ಕೇಳುತ್ತಿದ್ದಳು.

ಈಗ ಅವಳಿಗೆ ಏನು ಹೇಳಿದ್ದೀ ಎಂದು ಟೀಚರ್ ಕೇಳಿದರು. ಹಳದಿ ತರಲಿಕ್ಕೆ ಹೊರಗೆ ಹೋಗಿದೆ ಎಂದಿದ್ದೇನೆ ಎಂದ ಅವನು. ಟೀಚರ್ ಕಾಫಿ ಕಪ್ಪನ್ನು ಕೆಳಗಿಟ್ಟರು.

ಅದಾದ ಮೇಲೆ ಸಂಜೆಯಾದರೆ ನಾವು ಮೂವರು ಪಾರ್ಕಿನಲ್ಲಿ. ಅವನು ಫೋನಿನಲ್ಲಿ ಹಾಡು ಹಾಕುವುದು, ಟೀಚರ್ ಹಾಲಿನ ಪುಡಿಯ ಡಬ್ಬದಲ್ಲಿ ನವಣೆ ಕುಲುಕುವುದು, ಪಂಜರ ಹಿಡಿದುಕೊಂಡು ಹಿಂದಿನಿಂದ ನಾನು. ಜೂನ್ ಬಂತೆಂದರೆ ಇಲ್ಲಿ ಸಂಜೆಯ ಗಾಳಿಯೂ ಸುಡುತ್ತದೆ. ಬೆಂಚಿನ ಮೇಲೆ ಕೂತ ಹೆಂಗಸರು ನಮ್ಮನ್ನು ನೋಡಿ ನಗುತ್ತಿದ್ದರು. ಒಂದು ದಿನ ಟೀಚರ್ ಮರೆತು ಅಭ್ಯಾಸದ ಮೇಲೆ ಕರೆದುಬಿಟ್ಟರು, "ಗೀಜಗಾ, ಬಾ ಬಾ" ಎಂದು. ಕರೆಯುವಾಗ ಅಡುಗೆಮನೆಯ ಆ ಹಳೇ ನಗು ಒಂದು ಗಳಿಗೆ ಮುಖಕ್ಕೆ ಬಂತು.

ಕುಸ್ತಿ ಮಾಸ್ಟ್ರು ತಿರುಗಿದ. ಗೀಜಗ ಎಂದರೆ ಇಂಡಿಯಾದಲ್ಲಿ ಈ ಹಕ್ಕಿಯ ಹೆಸರಾ ಎಂದು ಕೇಳಿದ.

ಟೀಚರ್ ಬಾಯಿ ತೆರೆದರು... ಆಮೇಲೆ ತಲೆಯಾಡಿಸಿದರು. ಹೌದು ಎನ್ನುವ ಹಾಗೆ.

ಅಲ್ಲಿಂದ ಅವನೂ ಗೀಜಗ ಎಂದೇ ಕರೆಯತೊಡಗಿದ. ದೊಡ್ಡ ಗಂಟಲಿನಲ್ಲಿ, ಪಾರ್ಕಿಗೆಲ್ಲ ಕೇಳುವ ಹಾಗೆ, "ಗಿಜಾಗಾ, ಬಾ ಬಾ." ಮರ್ಯಾದೆಗೆಂದು ಮಾಡಿದ್ದು ಪಾಪ. ಅವನು ಕರೆದಾಗಲೆಲ್ಲ ಟೀಚರ್ ಯಾರೋ ಚಿವುಟಿದ ಹಾಗೆ ಕುಗ್ಗುತ್ತಿದ್ದರು. ಶಾಲೆಯಲ್ಲಿ ಅವರು ಮಕ್ಕಳ ಎದುರು ನಿಂತು ತಾನು ಹೇಳಿದ್ದು ತಪ್ಪು ಎಂದು ಹೇಳಿದರು, ಚಿತ್ರದ ಕೆಳಗಿನ ಹೆಸರನ್ನು ಅಳಿಸಿ ಸರಿ ಮಾಡಿದರು. ಮಕ್ಕಳು ನಕ್ಕದ್ದನ್ನೂ ನನ್ನಲ್ಲಿ ಬಂದು ಹೇಳಿದರು. ಇವನೊಬ್ಬನಿಗೆ ಮಾತ್ರ ಹೇಳಲಿಕ್ಕಾಗಲಿಲ್ಲ. ಹಕ್ಕಿಯನ್ನಂತೂ ಕಳೆದೆ, ಈಗ ಕೊಟ್ಟ ಹೆಸರೂ ಕಳ್ಳ ಹೆಸರು ಎಂದು ಹೇಗೆ ಹೇಳಲಿ ಎಂದರು. ನಾಳೆ ಹೇಳುತ್ತೇನೆ ಎನ್ನುತ್ತಿದ್ದರು. ನಾನೂ ಹೇಳಿಬಿಡಿ ಎಂದು ಒತ್ತಾಯ ಮಾಡಲಿಲ್ಲ.

ಹಕ್ಕಿ ಸಿಗಲಿಲ್ಲ. ಸಿಗುವಂಥದ್ದಲ್ಲ ಎಂದು ಮೂವರಿಗೂ ಗೊತ್ತಿತ್ತು. ಪಂಜರದಲ್ಲೇ ಬೆಳೆದ ಮರಿ, ಆ ಸೆಕೆ, ಎಲ್ಲಿ ನೋಡಿದರೂ ಕಾಗೆಗಳು. ಆ ಬೇಸಿಗೆಯ ರಜೆಗೆ ಊರಿಗೆ ಹೋದ ಕುಸ್ತಿ ಮಾಸ್ಟ್ರು ವಾಪಸು ಬಂದು ಇನ್ನೂ ಒಂದು ವರ್ಷ ಇದ್ದ, ಮತ್ತೆ ಕೆಲಸ ಮುಗಿಸಿ ಊರಿಗೆ ಹೋದ. ಹೋಗುವ ದಿನವೂ ಟೀಚರ್ ಅವನ ಲಗೇಜಿನ ಪಕ್ಕ ನಿಂತು ಎರಡು ಸಲ ಗಂಟಲು ಸರಿ ಮಾಡಿಕೊಂಡರು. ಅವನು ಬಗ್ಗಿ ಅವರ ಕೈಗೆ ಮುತ್ತು ಕೊಟ್ಟ. ಟ್ಯಾಕ್ಸಿ ಹೋಯಿತು.

ಮುಂದಿನ ವರ್ಷ ನನ್ನ ಫೋನಿಗೆ ಒಂದು ಫೋಟೋ ಬಂತು. ಟೀಚರ ಹತ್ತಿರ ಬಟನ್ ಫೋನು ಇದ್ದದ್ದರಿಂದ ಅವನಲ್ಲಿದ್ದದ್ದು ನನ್ನ ನಂಬರು. ಹಸಿರು ಹುಲ್ಲಿನ ಮೇಲೆ ನಿಂತ ಒಂದು ಹಕ್ಕಿ, ಮೈಯೆಲ್ಲ ಹಳದಿ, ಹಣೆಗೆ ಕೇಸರಿ. ಕೆಳಗೆ ಒಂದೇ ಶಬ್ದ, ಗಿಜಾಗ. ಟೀಚರಿಗೆ ತೋರಿಸಿದೆ. ಎಷ್ಟು ಚಂದ ಉಂಟಲ್ವಾ ಎಂದರು. ಫೋನು ವಾಪಸು ಕೊಟ್ಟು ಕಿಟಕಿಯ ಕಡೆ ತಿರುಗಿದರು. ಅಲ್ಲಿಂದ ವರ್ಷ ವರ್ಷವೂ ಒಂದು ಫೋಟೋ, ಅದೇ ಶಬ್ದ.

ಟೀಚರ್ ರಿಟೈರ್ ಆಗಿ ಊರಿಗೆ ಹೋದ ಮೇಲೂ ನಾನು ಫೋನ್ ಮಾಡಿ, ಈ ವರ್ಷದ್ದು ಬಂತು ಟೀಚರೇ ಎಂದು ಹೇಳುತ್ತಿದ್ದೆ. ಕಡೆಯ ಸಲ ಮಾತಾಡಿದಾಗ ಅವರ ಸ್ವರ ತುಂಬ ಸೋತಿತ್ತು. "ಅವನಿಗೆ ಹೇಳ್ಬೇಕಿತ್ತು ಬಾಯೆ. ನಾನು ತಿದ್ದದೆ ಬಿಟ್ಟ ಪೇಪರ್ ಅದೊಂದೇ." ಆ ಮಳೆಗಾಲ ಕಳೆಯುವ ಮೊದಲು ತೀರಿಕೊಂಡರು. ಅವರ ತಮ್ಮನ ಮಗಳು ತಿಳಿಸಿದಳು. ನನಗೆ ಹೋಗಲಿಕ್ಕಾಗಲಿಲ್ಲ.

ಅದಾದ ಮೇಲೆ ಬಂದ ಫೋಟೋಗಳಿಗೆ ನಾನು ಒಂದು ಹೆಬ್ಬೆರಳಿನ ಇಮೋಜಿ ಒತ್ತಿ ಸುಮ್ಮನಾದೆ. ಸತ್ತವರ ಹೆಸರಿಗೆ ಬರುತ್ತಿದ್ದದ್ದನ್ನು ತೆಗೆದುಕೊಂಡು ಕೂತಿದ್ದೆ. ನವಣೆ ಬಂದ ಮೊನ್ನೆ, ಡಬ್ಬದ ಮುಚ್ಚಳ ಹಾಕಿ, ಅಲ್ಲೇ ಅಡುಗೆಮನೆಯಲ್ಲಿ ನಿಂತು ಅವನಿಗೆ ಬರೆದೆ. ಟೀಚರ್ ಇಲ್ಲ ಎಂದು ಬರೆದೆ. ಮತ್ತೆ, ಗೀಜಗ ಎನ್ನುವುದು ನಿನ್ನ ಹಕ್ಕಿಯ ಹೆಸರಲ್ಲ, ಅದು ನಮ್ಮ ಊರಿನ ಬೇರೆಯೇ ಹಕ್ಕಿ, ಟೀಚರಿಗೆ ಗೊತ್ತಿತ್ತು, ನಿನ್ನ ಮುಂದೆ ಹೇಳಲಿಕ್ಕೆ ನಾಚಿಕೆಯಾಗಿ ಹಾಗೆಯೇ ಹೋದರು ಎಂದೂ ಬರೆದೆ. ಕಳುಹಿಸಿದ ಮೇಲೆ ಫೋನನ್ನು ಮಗುಚಿ ಇಟ್ಟೆ. ಬದುಕಿದ್ದಾಗ ಅವರು ಮುಚ್ಚಿಟ್ಟದ್ದನ್ನು ಹೋದ ಮೇಲೆ ಬಿಚ್ಚಿಟ್ಟೆನಲ್ಲ ಎಂದು.

ಬೆಳಿಗ್ಗೆ ಉತ್ತರ ಬಂದಿತ್ತು. ಅವನ ಇಂಗ್ಲಿಷ್ ಈಗಲೂ ಅಷ್ಟಕ್ಕಷ್ಟೆ. ಟೀಚರಿಗಾಗಿ ಮನೆಯವರೆಲ್ಲ ಪ್ರಾರ್ಥನೆ ಮಾಡಿದೆವು ಎಂದಿದ್ದ. ಕೆಳಗೆ ಇಷ್ಟು ಬರೆದಿದ್ದ. ಅದು ನನಗೆ ಗೊತ್ತು. ಪಾರ್ಕಿನಲ್ಲಿ ಕೇಳಿದ ದಿನವೇ ಮನೆಗೆ ಹೋಗಿ ಇಂಟರ್ನೆಟ್ಟಿನಲ್ಲಿ ನೋಡಿದ್ದೆ, ಗೀಜಗ ಬೇರೆ ಹಕ್ಕಿ. ಆದರೆ ಆ ಹೆಸರು ಹೇಳುವಾಗ ಟೀಚರ್ ನಕ್ಕಿದ್ದರು. ಪುನಃ ನಗಲಿ ಎಂದು ನಾನೂ ಹಾಗೆಯೇ ಕರೆದೆ.

ಗಂಡನಿಗೆ ಓದಿ ಹೇಳಿದೆ. ಅವರು ನವಣೆಯ ಗಂಜಿಯನ್ನು ಬದಿಗೆ ಸರಿಸಿ, ಇನ್ನೊಮ್ಮೆ ಓದು ಎಂದರು. ಯಾವನೆದುರು ನಿಲ್ಲಲಿಕ್ಕೆ ಟೀಚರ್ ಅಷ್ಟು ವರ್ಷ ನಾಚಿದರೋ ಅವನಿಗೆ ಎಲ್ಲ ಮೊದಲೇ ಗೊತ್ತಿತ್ತು. ಅವನು ನಗಿಸಲಿಕ್ಕೆಂದು ಕರೆದದ್ದಕ್ಕೆ ಅವರು ಪ್ರತಿ ಸಲ ಕುಗ್ಗಿದರು. ಅವರ ಪಕ್ಕದಲ್ಲೇ ಪಂಜರ ಹಿಡಿದು ನಿಂತಿದ್ದ ನಾನೂ ಅವನ ಮುಖವನ್ನು ಒಮ್ಮೆಯಾದರೂ ಸರಿಯಾಗಿ ನೋಡಿರಲಿಲ್ಲ.

ಹಳೇ ಅಭ್ಯಾಸ, ಫೋನು ಹಿಡಿದುಕೊಂಡೇ ಎದ್ದು ಹೋಗಿ ಬಾಗಿಲು ತೆರೆದೆ, ಹೇಳಿ ಬರುವ ಎಂದು. ಎದುರಿನ ಮನೆಯಲ್ಲಿ ಈಗ ಬೇರೆಯವರಿದ್ದಾರೆ.